ಗವಿಹೊಂಡದ ಮಂಗಗಳಿಗೆ ನಾನು ಹಾಕಿದ ಮಾದಲಿ

ಮೊನ್ನೆ ಶಹಾಬಜಾರದ ನಮ್ಮ ಓಣಿಗೆ ತಳ್ಳುಗಾಡಿಯವನೊಬ್ಬ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದ. ಮಳೆ ಆಗಷ್ಟೇ ನಿಂತಿತ್ತು. ಹಣ್ಣು ತುಸು ಹೆಚ್ಚೇ ಕಳಿತು, ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ, ಮೇಲೆ ಹೊದಿಸಿದ ಒದ್ದೆ ಗೋಣಿಚೀಲದ ವಾಸನೆಯೂ ಅದರೊಳಗೆ ಬೆರೆತಿತ್ತು. ಆ ವಾಸನೆ ಬಂದರೆ ಬೇರೆಯವರಿಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ನನಗೆ ಒಬ್ಬ ಹೆಂಗಸಿನ ಮೇಲೆ ಹೊಟ್ಟೆ ಉರಿಯುತ್ತದೆ. ನಾಲ್ಕು ವರ್ಷವಾಯಿತು, ಇನ್ನೂ ಉರಿಯುತ್ತದೆ. ಹಣ್ಣು ಕೊಳ್ಳದೆ ಒಳಗೆ ಬಂದು ಬಾಗಿಲು ಮುಂದಕ್ಕೆ ಹಾಕಿಕೊಂಡೆ.

ಆ ವರ್ಷ ನಮ್ಮ ಮನೆಯವರಿಗೆ ಕಮಲಾಪುರದ ಬಸ್ ನಿಲ್ದಾಣಕ್ಕೆ ಕಂಟ್ರೋಲರ್ ಎಂದು ವರ್ಗವಾಗಿತ್ತು. ಕಲಬುರಗಿಯಿಂದ ದಿನಾ ಓಡಾಡುವುದು ಆಗದ ಮಾತೇನಲ್ಲ. ಆದರೆ ಅವರ ಪಾಳಿ ಊರಿನ ಮೊದಲ ಬಸ್ಸಿಗಿಂತ ಮುಂಚೆ ಶುರುವಾಗುತ್ತಿತ್ತು. ಮಗಳು ಲಗ್ನವಾಗಿ ಹೋಗಿದ್ದಳು. ಮನೆಗೆ ಕೀಲಿ ಹಾಕಿ, ಹಂಚು, ಹಿಟ್ಟು ನಾದುವ ಪರಾತ, ಎರಡು ಕೊಡ, ಹಾಸಿಗೆ ಸುರುಳಿ ಕಟ್ಟಿಕೊಂಡು ಕಮಲಾಪುರದ ಎರಡು ಕೋಣೆಯ ಬಾಡಿಗೆ ಮನೆಗೆ ಬಂದೆವು. ಅಂಗಳಕ್ಕೆ ಇಳಿದರೆ ಕೆಂಪು ಮಣ್ಣು ಚಪ್ಪಲಿಗೆ ಹತ್ತುತ್ತಿತ್ತು. ನಮ್ಮ ಕಡೆಯ ಕರಿ ಮಣ್ಣಿನಂತೆ ಅದು ಕಾಲನ್ನು ಎಳೆದು ಹಿಡಿಯುವುದಿಲ್ಲ, ಆದರೆ ಸೀರೆಯ ಅಂಚಿಗೆ ಹತ್ತಿದರೆ ಮೂರು ಸಲ ಒಗೆದರೂ ಹೋಗುವುದಿಲ್ಲ.

ಊರಿನಿಂದ ಸ್ವಲ್ಪ ದೂರದ ಗುಡ್ಡದಲ್ಲಿ ಗವಿಹೊಂಡ ಎನ್ನುವ ಜಾಗ. ಮಳೆ ಹಿಡಿದರೆ ಬಂಡೆಯ ಮೇಲಿಂದ ಒಂದು ಸಣ್ಣ ನೀರಿನ ಧಾರೆ ಬೀಳುತ್ತದೆ, ಕೆಳಗೆ ಹೊಂಡ, ಪಕ್ಕದಲ್ಲಿ ಹಣಮಪ್ಪನ ಪುಟ್ಟ ಗುಡಿ, ಇಳಿಯಲು ಕಲ್ಲಿನ ಮೆಟ್ಟಿಲು. ಕಲಬುರಗಿ, ಹುಮನಾಬಾದ ಕಡೆಯವರು ಶನಿವಾರ, ರವಿವಾರ ಕಾರು, ಟಂಟಂ ಆಟೋ ಮಾಡಿಕೊಂಡು ಬರುತ್ತಾರೆ. ಅಲ್ಲಿ ಹೆಂಗಸರ ಸಂಘದ ಒಂದು ಊಟದ ಶೆಡ್ಡು ಇತ್ತು. ಮಳೆಗಾಲಕ್ಕೆ ಬಿಸಿ ರೊಟ್ಟಿ ಬಡಿಯುವವರು ಬೇಕಾಗಿದ್ದಾರೆ ಎಂದು ಮನೆಯ ಒಡತಿ ಹೇಳಿದಳು. ಸುಮ್ಮನೆ ಕೂತು ಗೋಡೆ ನೋಡುವುದಕ್ಕಿಂತ ಒಳ್ಳೆಯದು ಎಂದು ಹೋದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಸಂಜೆಗೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ, ಚಹಾ. ತಗಡಿನ ಮೇಲೆ ಮಳೆಯ ಸಪ್ಪಳ, ಹಂಚಿನ ಮುಂದೆ ನಾನು. ಹದಿನೈದು ದಿನದಲ್ಲಿ ನನ್ನ ರೊಟ್ಟಿ ತಿಂದವರು ಮುಂದಿನ ವಾರ ಇನ್ನೊಂದು ಕುಟುಂಬ ಕರೆದುಕೊಂಡು ಬರತೊಡಗಿದರು. ಇದನ್ನು ಜಂಬದಿಂದ ಹೇಳುತ್ತಿಲ್ಲ. ನಾನು ಬಲ್ಲ ಕೆಲಸ ಅದೊಂದೇ. ಅತ್ತೆ, ನಾದಿನಿ, ಜಗಳಗಂಟ ಭಾವ, ಯಾರನ್ನಾದರೂ ಸರಿ, ಉಣ್ಣಿಸಿಯೇ ನಾನು ಒಲಿಸಿಕೊಂಡಿದ್ದು. ಉಣ್ಣಿಸಿದವಳ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ ಎಂಬುದು ನನ್ನ ಇಡೀ ಸಂಸಾರ ನನಗೆ ಕಲಿಸಿದ ಪಾಠವಾಗಿತ್ತು.

ಗವಿಹೊಂಡದ ಕಾಟವೆಂದರೆ ಮಂಗಗಳು. ಕೆಂಪು ಮುಖದವು, ಮರಿಗಳೂ ಸೇರಿ ಐವತ್ತರ ಹತ್ತಿರ ಇದ್ದಿರಬೇಕು. ಕಾರಿನ ಬಾನೆಟ್ಟಿನ ಮೇಲೆ ಕೂತು ವೈಪರ್ ಕೀಳುವುದು, ಹುಡುಗರ ಕೈಯಿಂದ ಕುರ್‌ಕುರೆ ಕಸಿಯುವುದು, ಕನ್ನಡಕ ಎತ್ತಿಕೊಂಡು ಹೋಗಿ ಆಲದ ಕೊಂಬೆಯ ಮೇಲೆ ಕೂತು ಮೂಗಿಗೆ ಹಿಡಿದು ನೋಡುವುದು. ಒಬ್ಬ ಹೊಸ ಮದುಮಗಳ ವ್ಯಾನಿಟಿ ಬ್ಯಾಗು ಬಿಚ್ಚಿ ಲಿಪ್‌ಸ್ಟಿಕ್ ತಿಂದ ಮಂಗವನ್ನು ನಾನೇ ಕಂಡಿದ್ದೇನೆ. ಅದರ ಬಾಯಿ ಕೆಂಪಾಗಿದ್ದು ನೋಡಿ ಗಂಡ ನಕ್ಕನೆಂದು ಅವಳು ಊರು ಮುಟ್ಟುವವರೆಗೂ ಮಾತಾಡಿರಲಿಕ್ಕಿಲ್ಲ. ಹಿಂದೊಂದು ವರ್ಷ ಮಂಗಗಳಿಗೆ ಹೆದರಿ ಮಂದಿ ಬರುವುದೇ ಕಡಿಮೆಯಾಗಿತ್ತಂತೆ. ಆಗ ಜಾಗದ ಸಮಿತಿಯವರು ಮೆಹರುನ್ನಿಸಾ ಎಂಬಾಕೆಯನ್ನು ದಿನಗೂಲಿಯ ಮೇಲೆ ಬಾಗಿಲಿಗೆ ಕೂರಿಸಿದರು. ಎಲ್ಲರಿಗೂ ಆಕೆ ಆಪಾ, ಅಂದರೆ ಅಕ್ಕ.

ಆಪಾ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ತೆಳ್ಳಗೆ, ಎತ್ತರ. ಗಂಡ ತಗಡಿನ ಟ್ರಂಕು ಮಾಡುವ ಕುಶಲಕರ್ಮಿ; ಟ್ರಂಕು ಕೊಳ್ಳುವವರು ಇಲ್ಲವಾಗಿ, ಮೊಣಕಾಲೂ ಹಿಡಿದು ಮನೆಯಲ್ಲಿದ್ದ. ಆ ಮನೆಯ ಒಲೆ ಉರಿಯುತ್ತಿದ್ದುದು ಆಪಾನ ಕೂಲಿಯಿಂದಲೇ. ಗಂಡ ಮಾಡಿದ ದೊಡ್ಡ ಟ್ರಂಕೊಂದನ್ನು ಬೇವಿನ ಮರದ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದಳು. ಒಳಗೆ ಹೋಗುವವರು ತಿನ್ನುವ ಪದಾರ್ಥವನ್ನೆಲ್ಲ ಅದರಲ್ಲಿ ಇಡಬೇಕು. ಚೀಲಕ್ಕೆ ಒಂದು ಬಣ್ಣದ ದಾರ ಕಟ್ಟುತ್ತಿದ್ದಳು, ಅದೇ ಬಣ್ಣದ ದಾರ ಅವರ ಕೈಗೂ ಕೊಡುತ್ತಿದ್ದಳು. ತಿನ್ನುವುದಿದ್ದರೆ ತಂತಿ ಜಾಲಿ ಹೊಡೆದ ನಮ್ಮ ಶೆಡ್ಡಿನೊಳಗೇ ತಿನ್ನಬೇಕು. ಅಷ್ಟೇ ಅವಳ ಕಾನೂನು. ಮಂಗ ಯಾರ ಮೇಲಾದರೂ ಹಾಯ್ದರೆ ಎದ್ದು ನಿಂತು, ದನಿ ಏರಿಸದೆ, "ಏಯ್, ಜಾ" ಎನ್ನುತ್ತಿದ್ದಳು. ಅದು ಹೋಗುತ್ತಿತ್ತು. ಕಸಿದ ಫೋನನ್ನು ಕಲ್ಲಿನ ಮೇಲೆ ಇಟ್ಟು ಹೋಗುತ್ತಿತ್ತು. ಗುಂಪಿನ ದೊಡ್ಡ ಗಂಡಿಗೆ ಆಕೆ ದಫೇದಾರ ಎಂದು ಹೆಸರಿಟ್ಟಿದ್ದಳು.

"ಮೋತಿ ನೋಡ್ರಿ ಅಕ್ಕಾ ಅವಂದು," ಎಂದು ಒಮ್ಮೆ ಅವನ ಬಿಗಿದ ಮುಖ ನನಗೆ ತೋರಿಸಿದಳು. "ನಮ್ಮಜ್ಜ ಹೇಳ್ತಿದ್ದ ನಿಜಾಮನ ಕಾಲದ ದಫೇದಾರನಂಗ ಅದಾ. ಲಂಚ ಸಿಗಲಿಲ್ಲಂದ್ರ ಹಿಂಗ ಕೂಡ್ತಿದ್ರಂತ."

ನಾನೂ ನಕ್ಕೆ. ಆದರೆ ಆಗಲೇ ಒಳಗೆ ಏನೋ ಚುಚ್ಚಲು ಶುರುವಾಗಿತ್ತು.

ಮಂದಿ ಬರುವುದು ನೀರು ನೋಡಲು, ಆದರೆ ಫೋಟೋ ತೆಗೆಸಿಕೊಳ್ಳುತ್ತಿದ್ದುದು ಆಪಾನ ಜೊತೆ. ದಫೇದಾರ ಕಸಿದ ಟೋಪಿಯನ್ನು ಅವಳ ಕಾಲ ಬಳಿ ಬಿಟ್ಟುಹೋದದ್ದನ್ನು ಯಾರೋ ವಿಡಿಯೋ ಮಾಡಿ ಹಾಕಿದ್ದರಂತೆ, ಅದನ್ನು ನೋಡಿಯೇ ಕೆಲವರು ಬರುತ್ತಿದ್ದರು. ಒಂದು ರವಿವಾರ ಕಲಬುರಗಿಯ ಒಬ್ಬರು ಕುಟುಂಬ ಸಮೇತ ಕೂತು ತಲೆಗೆ ನಾಲ್ಕು ರೊಟ್ಟಿ ತಿಂದರು. ಹಂಚಿನಿಂದ ತಾಟಿಗೆ, ತಾಟಿನಿಂದ ಹಂಚಿಗೆ ನಾನು ಓಡಾಡಿದ್ದೇ ಓಡಾಡಿದ್ದು. ಕೈ ತೊಳೆದುಕೊಂಡು ಹೆಂಡತಿ, "ರೊಟ್ಟಿ ಭಾಳ ಛಲೋ ಇದ್ವು ನೋಡ್ರಿ" ಎಂದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೇನು ಹೇಳುತ್ತಾಳೋ ಎಂದು ನಿಂತೆ. ಅವಳು, "ಆ ಮಂಗ್ಯಾದ ಆಪಾ ಎಲ್ಲಿ ಕೂಡ್ತಾರ?" ಎಂದಳು.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರೂ ಅದೇ ಮಾತು ತೆಗೆದರು. "ಆ ಆಪಾ ಬಸ್ಸಿಗೆ ಬಂದಿದ್ಳು. ಎಷ್ಟು ಗಂಭೀರ ನೋಡು ಹೆಣಮಗಳು. ಮಾತು ಒಂದು, ಅದು ನಡೀಬೇಕು. ನೀನು ಮನ್ಯಾಗ ಒಂದು ಬೆಕ್ಕು ಓಡಸಬೇಕಂದ್ರ ಓಣಿ ಎಲ್ಲಾ ಎಬ್ಬಸ್ತಿ."

ನನ್ನ ರೊಟ್ಟಿ ಮುರಿಯುತ್ತ ಅವಳ ಗುಣ ಹೇಳಿದರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಮಾತು ನಡೆಯುತ್ತದೆ ಎಂದು ಅವರು ಯಾರ ಮುಂದೆಯೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಅವತ್ತು ಪಲ್ಯ ಮತ್ತೆ ಬಡಿಸಲು ನಾನು ಏಳಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ.

ಮರುದಿನ ಆಪಾನನ್ನೇ ಕೇಳಿದೆ. "ಏನ್ ಮಂತ್ರಾ ಹಾಕ್ತೀರಿ ಆಪಾ ಇವುಕ್ಕ?"

"ಮಂತ್ರಾ ಎಲ್ಲೀದ್ರಿ. ಏನೂ ಕೊಡಂಗಿಲ್ಲ, ಅಷ್ಟ. ಇಷ್ಟು ವರ್ಸದಾಗ ನನ್ನ ಕೈಲಿಂದ ಒಂದು ಕಡ್ಲಿಕಾಳು ಸೈತ ಹೋಗಿಲ್ಲ. ಕೊಡವ್ರ ಕೈ ನೋಡ್ತಾವು ಅಕ್ಕಾ ಅವು. ಕೊಡದವ್ರ ಮುಖಾ ನೋಡ್ತಾವು."

ನಾನು ನಂಬಲಿಲ್ಲ. ಏನೂ ಕೊಡದವಳ ಮಾತನ್ನು ಯಾವ ಜೀವ ಕೇಳುತ್ತದೆ? ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡೆ. ಹಾಗೂ ನಿಜವೇ ಇದ್ದರೆ, ಒಣ ಕೈಯವಳಿಗೆ ಇಷ್ಟು ಬಗ್ಗುವ ಮಂಗಗಳು ಉಣ್ಣಿಸುವವಳಿಗೆ ಇನ್ನೆಷ್ಟು ಬಗ್ಗಬೇಕು ಎಂಬ ಲೆಕ್ಕ ನನ್ನದು.

ಶ್ರಾವಣ ಬಂತು. ಜಿಟಿಜಿಟಿ ಮಳೆ ಹಿಡಿದು ತೊಗರಿ ಹೊಲಗಳು ಮೊಣಕಾಲಿನ ಮಟ್ಟ ಎದ್ದವು. ಶ್ರಾವಣ ಶನಿವಾರ ಹಣಮಪ್ಪನ ಹೆಸರಿನಲ್ಲಿ ಮಂಗಗಳಿಗೆ ಏನಾದರೂ ಹಾಕುವುದು ನಮ್ಮಲ್ಲಿ ರೂಢಿ. ಗವಿಹೊಂಡದಲ್ಲಿ ಅದನ್ನು ಸಮಿತಿಯವರು ನಿಲ್ಲಿಸಿದ್ದರು. ಗೋಡೆಗೆ ಬರೆಸಿಯೂ ಇದ್ದರು. ದೇವರ ರೂಢಿಗೆ ಗೋಡೆಯ ಬರಹ ಅಡ್ಡ ಬರುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊದಲ ಶನಿವಾರ ನಸುಕಿನಲ್ಲೇ ಎದ್ದು, ಚಪಾತಿ ಪುಡಿ ಮಾಡಿ ಬೆಲ್ಲ, ಏಲಕ್ಕಿ, ಒಂದಿಷ್ಟು ತುಪ್ಪ ಹಾಕಿ ಮಾದಲಿ ಕಲೆಸಿದೆ. ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ನಾಲ್ಕು ಕೆಂಪು ಬಾಳೆಹಣ್ಣು ಇಟ್ಟುಕೊಂಡು, ಆಪಾ ಬರುವ ಮುಂಚೆ ಗುಡಿಯ ಹಿಂದಿನ ಕಟ್ಟೆಗೆ ಹೋದೆ. ಮಂಗಗಳು ಮರದಲ್ಲಿ ಮುದುಡಿ ಕೂತಿದ್ದವು. ಡಬ್ಬಿಯ ಮುಚ್ಚಳವನ್ನು ಕಲ್ಲಿಗೆ ಟಣ್ ಟಣ್ ಎಂದು ಬಡಿದೆ. ಮೊದಲು ಒಂದು ಮರಿಯ ತಾಯಿ ಇಳಿಯಿತು. ಆಮೇಲೆ ದಫೇದಾರ ಇಳಿದ. ನನ್ನ ಕೈಯಿಂದ ಮಾದಲಿಯ ಉಂಡೆ ತೆಗೆದುಕೊಂಡಾಗ ಅವನ ಬೆರಳು ಎಷ್ಟು ಮೆತ್ತಗೆ, ಎಷ್ಟು ತಣ್ಣಗೆ ಇದ್ದವೆಂದು ಈಗಲೂ ಹೇಳಬಲ್ಲೆ.

ಶನಿವಾರಕ್ಕೆ ಅಷ್ಟೇ ಎಂದು ಶುರು ಮಾಡಿದ್ದು ಸೋಮವಾರಕ್ಕೂ ಬಂತು, ಆಮೇಲೆ ದಿನಾ ಆಯಿತು. ಮಾದಲಿ ದಿನಾ ಎಲ್ಲಿಂದ ಬರಬೇಕು. ಉಳಿದ ರೊಟ್ಟಿಗೆ ಬೆಲ್ಲದ ನೀರು ಚಿಮುಕಿಸಿ ಒಯ್ಯುತ್ತಿದ್ದೆ. ಮುಚ್ಚಳದ ಸಪ್ಪಳ ಕೇಳಿದರೆ ಸಾಕು, ಮರ ಅಲುಗುತ್ತಿತ್ತು.

ಎರಡನೆಯ ಶನಿವಾರ ನಡು ಮಧ್ಯಾಹ್ನ ಒಂದು ಮರಿಗಂಡು ಸಣ್ಣ ಕೂಸಿನ ಉಣ್ಣೆ ಟೋಪಿ ಕಸಿದು ಕಟ್ಟೆ ಏರಿತು. ಕೂಸು ಅಳತೊಡಗಿತು. ಆಪಾ ಬಾಗಿಲ ಬಳಿ ಯಾರದೋ ಚೀಲಕ್ಕೆ ದಾರ ಕಟ್ಟುತ್ತಿದ್ದಳು. ನಾನು ಶೆಡ್ಡಿನಿಂದ ಹೊರಬಂದು ಖಾಲಿ ಡಬ್ಬಿಯ ಮುಚ್ಚಳವನ್ನು ಕಂಬಕ್ಕೆ ಎರಡು ಸಲ ಬಡಿದೆ. ಮಂಗ ಟೋಪಿ ಬಿಟ್ಟು ನೇರ ನನ್ನ ಕಡೆ ಓಡಿಬಂತು. ಮಂದಿ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗಿ, "ಆಂಟಿ, ಇನ್ನೊಮ್ಮೆ ಮಾಡ್ರಿ, ವಿಡಿಯೋ ಮಾಡ್ತೀನಿ" ಎಂದಳು. ನಾನು ಇನ್ನೊಮ್ಮೆ ಮಾಡಿದೆ. ಹಿಟ್ಟಿನ ಕೈಯಲ್ಲೇ, ಕೂದಲು ಸರಿ ಮಾಡಿಕೊಂಡು.

ಆಪಾ ಬಂದು ನಿಂತಿದ್ದಳು. "ಛಲೋ ಆತು ಅಕ್ಕಾ, ನನ್ನ ಕೆಲಸ ಹಗುರಾತು," ಎಂದಳು. ಆಮೇಲೆ ಮಂಗವನ್ನೇ ನೋಡುತ್ತ, "ಹೆಂಗ ಬಂತು ಅದು ನಿಮ್ಮ ಹತ್ರ?" ಎಂದಳು.

"ಹಣಮಪ್ಪನ ದಯಾ," ಎಂದೆ.

"ನಿಮ್ಮ ದೇವ್ರ ಮಂದಿ ಅದಾವಲ್ಲ, ನಿಮ್ಮ ಕಡಿನ ಆಗ್ತಾವ ಬಿಡ್ರಿ," ಎಂದು ನಕ್ಕಳು. ಅವಳ ನಗೆಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರನೆಯ ಶನಿವಾರ ಕುಸನೂರ ಕಡೆಯ ಹೊಸ ಬಡಾವಣೆಯಿಂದ ಒಂದು ಕುಟುಂಬ ಬಂತು. ಜೊತೆಗೆ ಎಪ್ಪತ್ತು ದಾಟಿದ ಅಮ್ಮ. ಆಕೆಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಎರಡು ತುತ್ತು ತಿನ್ನದಿದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಶೆಡ್ಡಿನವರೆಗೆ ಹತ್ತಿ ಇಳಿಯುವುದು ಆಗುವುದಿಲ್ಲ ಎಂದು ಮಗ ಆಪಾನನ್ನು ಬೇಡಿಕೊಂಡ. ಆಪಾ ತನ್ನ ಕಾನೂನು ಮುರಿದು ಆ ಒಂದು ಸಣ್ಣ ಡಬ್ಬಿಯನ್ನು ಒಳಗೆ ಬಿಟ್ಟಳು. ಸೆರಗಿನಲ್ಲಿ ಮುಚ್ಚಿಕೊಂಡು ತಿನ್ನಿರಿ ಎಂದು ಹೇಳಿಯೂ ಕಳಿಸಿದಳು. ಅಮ್ಮ ಹೊಂಡದ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದರು. ಮುಚ್ಚಳ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಒಂದು ಮೆಟ್ಟಿಲಿಂದ ಇನ್ನೊಂದು ಮೆಟ್ಟಿಲಿಗೆ ಬಡಿಯುತ್ತ ಕೆಳಗಿನವರೆಗೆ ಹೋಯಿತು.

ನಾನು ಶೆಡ್ಡಿನಲ್ಲಿ ರೊಟ್ಟಿ ತಿರುವುತ್ತಿದ್ದೆ. ಆ ಸಪ್ಪಳ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಹೊರಗೆ ಬರುವಷ್ಟರಲ್ಲಿ ಎಲ್ಲ ಮರಗಳಿಂದಲೂ ಮಂಗಗಳು ಇಳಿಯುತ್ತಿದ್ದವು. ಕಚ್ಚಲಿಲ್ಲ, ಪರಚಲಿಲ್ಲ, ನನ್ನ ಹತ್ತಿರ ಬರುತ್ತಿದ್ದ ಹಾಗೆಯೇ ಆಕೆಯ ಮಡಿಲಿಗೆ ಕೈ ಹಾಕಿದವು, ಅಷ್ಟೇ. ಆಕೆ ಹೆದರಿ ಏಳಲು ಹೋಗಿ ಪಾಚಿಯ ಮೇಲೆ ಜಾರಿದರು. ಆಪಾ ಓಡಿಬಂದು "ಜಾ" ಎಂದಾಗ ಮೊದಲ ಸಲ ಒಂದೂ ಕದಲಲಿಲ್ಲ. ಆಪಾ ನಡುವೆ ನುಗ್ಗಿ ಅಮ್ಮನನ್ನು ತನ್ನ ಮೈಯಿಂದ ಮರೆ ಮಾಡಿ ಕೂತಳು. ಅಮ್ಮನ ಮಣಿಕಟ್ಟು ಮುರಿದಿತ್ತು. ಮಗ ಕಾರಿನಲ್ಲಿ ಕಲಬುರಗಿಗೆ ಕರೆದೊಯ್ದ.

ಸೋಮವಾರ ಗುಡಿಯ ಮುಂದೆ ಸಮಿತಿ ಕೂಡಿತು. ಅಧ್ಯಕ್ಷರು ಕಲ್ಲಪ್ಪ ಮಾಸ್ತರು, ನಿವೃತ್ತ ಶಿಕ್ಷಕರು, ಯಾರನ್ನೂ ನೋಯಿಸಲು ಮನಸ್ಸಿಲ್ಲದ ಮನುಷ್ಯ.

"ಡಬ್ಬಿ ಒಳಗ ಬಿಡಬಾರದು ಅಂತ ಕಾನೂನು ಮಾಡಿದಾಕಿ ನೀನs ಅಲ್ಲೇನವಾ? ಹಂತಾದ್ರಾಗ ನೀನs ಬಿಟ್ಟರ?"

"ಬಿಟ್ಟೀನ್ರೀ ಮಾಸ್ತರ. ಆ ಅಮ್ಮಗ ಸಕ್ಕರಿ ಕಾಯಿಲಾ ಇತ್ತು. ನಂದು ತಪ್ಪು ಅದಾ, ಇಲ್ಲ ಅನ್ನಂಗಿಲ್ಲ," ಎಂದಳು ಆಪಾ. "ಆದ್ರ ಒಂದು ತಿಳಿವಲ್ದು. ಡಬ್ಬಿ ಸಪ್ಳಾಕ್ಕ ಇವು ಎಂದೂ ಬರ್ತಿದ್ದಿಲ್ಲ. ನನ್ನ ಮಾತೂ ಕೇಳಲಿಲ್ಲ. ಯಾರೋ ಇವುಕ್ಕ ರೂಢಿ ಹಚ್ಯಾರ."

ಅವಳು ನನ್ನ ಕಡೆ ನೋಡಲಿಲ್ಲ. ನಾನು ಎದುರಿನ ಶೆಡ್ಡಿನಲ್ಲಿ ಕಡಾಯಿಯ ಎಣ್ಣೆ ನೋಡುತ್ತ ಕೂತೆ. ಅದರಲ್ಲಿ ಭಜಿ ಇರಲಿಲ್ಲ, ಒಲೆ ಹಚ್ಚಿಯೂ ಇರಲಿಲ್ಲ.

ಆಪಾನನ್ನು ಕೆಲಸದಿಂದ ಬಿಡಿಸಿದರು. ಅವಳು ಟ್ರಂಕಿನ ಕೀಲಿಯನ್ನು ಮಾಸ್ತರರ ಮುಂದಿಟ್ಟು, ಬಣ್ಣದ ದಾರಗಳ ಗಂಟನ್ನೂ ಇಟ್ಟು, ಎದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕರುಣೆ ಬಂದೀತು. ನಿಜ ಹೇಳುವುದಾದರೆ ಚೆನ್ನಾಗಿಯೇ ಬಂತು. ನಾಳೆಯಿಂದ ಆ ಬೇವಿನ ಮರದ ಕೆಳಗೆ ಅವಳು ಇರುವುದಿಲ್ಲ ಎಂಬ ವಿಚಾರ ತಲೆದಿಂಬಿನ ಹಾಗೆ ಮೆತ್ತಗಿತ್ತು. ಬೆಳಿಗ್ಗೆ ಮಾತ್ರ ಡಬ್ಬಿಯ ಮುಚ್ಚಳ ಕೈಗೆ ಬಂದಾಗ ಸುಮ್ಮನಿರಲಾಗಲಿಲ್ಲ. ಮಾಸ್ತರರ ಮನೆಗೆ ಹೋಗಿ ಹೇಳಿದೆ.

"ಮಾಸ್ತರ, ರೂಢಿ ಹಚ್ಚಿದಾಕಿ ನಾನು. ಶ್ರಾವಣದ ನೈವೇದ್ಯ ಅಂತ ಮಾದಲಿ ಹಾಕ್ತಿದ್ದೆ. ಮುಚ್ಚಳ ಬಡದು ಕರೀತಿದ್ದೆ."

ಮಾಸ್ತರರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದು ತಲೆ ಬಗ್ಗಿಸಿದೆ. "ಹಣಮಪ್ಪನ ಸೇವಾ ಮಾಡೀರಿ. ಅದ್ರಾಗೇನು ತಪ್ಪು ಶರಣಮ್ಮ?" ಎಂದರು. "ಭಕ್ತಿಲಿಂದ ಮಾಡಿದ್ದು ಅದು. ಡಬ್ಬಿ ಒಳಗ ಬಿಟ್ಟದ್ದು ಬ್ಯಾರೆ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ಮುಚ್ಚಳಕ್ಕ ಅಷ್ಟು ಬರ್ತಾವಂದ್ರ ಬಾಗಿಲಿಗೆ ನೀವ ಕೂಡ್ರಿ."

ಇಲ್ಲ, ಭಕ್ತಿ ಅಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ಹಾಕಿದ ಹೊಗಳಿಕೆಯ ಹಾರ ಕೊರಳಿಗೆ ಹಿತವಾಗಿತ್ತು. ತೆಗೆಯಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಹಾಗೆ ಅವಳ ಜಾಗದಲ್ಲಿ ನಾನು ಕೂತೆ. ರೊಟ್ಟಿಯನ್ನು ಸಂಘದ ಬೇರೆಯವರು ಬಡಿದರು. ಮೊದಲ ದಿನ ದಫೇದಾರ ಬಂದು ನನ್ನ ಎದುರು ಕೂತ. ಆಮೇಲೆ ಅವನ ಹಿಂದೆ ಎಲ್ಲವೂ ಸಾಲಾಗಿ ಕೂತವು. ನನ್ನ ಮುಖವನ್ನು ಒಂದೂ ನೋಡುತ್ತಿರಲಿಲ್ಲ, ಕೈಯನ್ನೇ ನೋಡುತ್ತಿದ್ದವು. ಹೊತ್ತು ಕಳೆದಂತೆ ಸೆರಗು ಎಳೆದವು, ಬಗಲಿನ ಚೀಲ ಜಗ್ಗಿದವು. ಟ್ರಂಕು ತೆರೆದರೆ ನನಗಿಂತ ಮುಂಚೆ ಅವುಗಳ ಕೈ ಒಳಗೆ. "ಜಾ" ಎಂದೆ, ಆಪಾನ ದನಿಯಲ್ಲೇ ಎಂದೆ. ಒಂದು ಮರಿ ತಲೆ ಕೆರೆದುಕೊಂಡಿತು. ಪ್ರವಾಸಕ್ಕೆ ಬಂದವರು ಅದನ್ನೂ ವಿಡಿಯೋ ಮಾಡಿಕೊಂಡರು. ವಾರದಲ್ಲಿ ಎರಡು ಕನ್ನಡಕ, ಒಂದು ಕ್ಯಾಮೆರಾ ಹೋದವು, ಒಬ್ಬ ಹುಡುಗಿಯ ಭುಜವನ್ನು ಒಂದು ಮಂಗ ಪರಚಿತು. ಮಂದಿ ಬಾಗಿಲಲ್ಲೇ ಕೇಳುತ್ತಿದ್ದರು: ಆ ಇನ್ನೊಬ್ಬ ಆಪಾ ಎಲ್ಲಿ? ಜಾಗ ನನ್ನದಾದ ಮೇಲೂ ಹೆಸರು ಅವಳದೇ ಇತ್ತು. ಅವಳು ಎದುರಿಗೆ ಇದ್ದಾಗಿನದಕ್ಕಿಂತ ಇಲ್ಲದಾಗ ನನ್ನ ಹೊಟ್ಟೆ ಹೆಚ್ಚು ಉರಿಯಿತು.

ಶ್ರಾವಣದ ಕಡೆಯ ಸೋಮವಾರ ಕಲಬುರಗಿಗೆ ಹೋದೆ. ಶರಣಬಸವೇಶ್ವರರ ಗುಡಿಯಲ್ಲಿ ಕಾಯಿ ಒಡೆಸಿ, ಆ ಕಾಯಿಯನ್ನೇ ತೆಗೆದುಕೊಂಡು ಕುಸನೂರ ಕಡೆಗೆ ಅಮ್ಮನನ್ನು ನೋಡಲು ಹೋದೆ. ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಪಾಪ, ನನಗೇ ಸಮಾಧಾನ ಹೇಳಿದರು.

"ಮಂಗ್ಯಾಕ್ಕೇನು ತಿಳಿತದವಾ. ನಂದs ಕೈಜಾರಿ ಮುಚ್ಚಳ ಬಿತ್ತು." ಆಮೇಲೆ ಸ್ವಲ್ಪ ಮುಂದೆ ಬಾಗಿ, "ಆ ಸಾಬರ ಹೆಣಮಗಳು, ನನ್ನ ಮ್ಯಾಲ ಅಡ್ಡ ಬಿದ್ಳಲ್ಲ, ಆಕಿಗೆ ಯಾರೂ ಏನೂ ಅಂದಿಲ್ಲಲ್ಲ?" ಎಂದರು.

"ಇಲ್ರೀ," ಎಂದೆ. ಹಾಗೆಂದು ಬಾಯಿಂದ ಬಂದೇ ಹೋಯಿತು.

ವಾಪಸ್ ಕಮಲಾಪುರದಲ್ಲಿ ಬಸ್ಸಿಳಿದರೆ, ನಿಲ್ದಾಣದ ಮೂಲೆಯಲ್ಲಿ ಆಪಾ ಬುಟ್ಟಿಯಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದಳು. ಮಳೆ ಹನಿಯುತ್ತಿತ್ತು, ಹಣ್ಣಿನ ಮೇಲೆ ಒದ್ದೆ ಗೋಣಿ ಹೊದಿಸಿದ್ದಳು. ವ್ಯಾಪಾರ ಆದಂತೆ ಕಾಣಲಿಲ್ಲ. ಕೂಗಿ ಮಾರುವುದು ಅವಳಿಗೆ ಬರುತ್ತಿರಲಿಲ್ಲ. ನಾನು ಮುಖ ತಪ್ಪಿಸುವಷ್ಟರಲ್ಲಿ ಅವಳೇ ಕರೆದಳು.

"ಅಕ್ಕಾ, ದಫೇದಾರನ ಹಿಂದಿನ ಕಾಲಿಗೆ ಗಾಯ ಆಗಿತ್ತು. ಮಾಯ್ದೇತೇನು?"

ಒಂದು ವಾರದಿಂದ ದಿನವಿಡೀ ಅವನು ನನ್ನ ಎದುರೇ ಕೂತಿರುತ್ತಿದ್ದ. ಅವನ ಕಾಲನ್ನು ನಾನು ನೋಡಿರಲಿಲ್ಲ.

"ನೋಡಿಲ್ಲೇನು?" ಎಂದಳು. "ಎಡಗಾಲು. ಕುಂಟ್ತಾನಂದ್ರ ಗುಂಪಿನಾಗ ಅವನ್ನ ಉಳದ ಗಂಡು ಬಿಡಂಗಿಲ್ಲ, ಕಚ್ಚಿ ಹಾಕ್ತಾವು. ಜರಾ ನೋಡ್ರಿ ಅಕ್ಕಾ."

ಅವಳ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿದೆ ಎಂದು ನಾನು ಕೇಳಬೇಕಿತ್ತು. ಅವಳು ಮಂಗದ ಕಾಲನ್ನು ಕೇಳಿದಳು. ಏನೂ ಕೊಡುವುದಿಲ್ಲ ಎಂದು ಹೇಳಿದ್ದವಳು ಅವುಗಳಿಗೆ ಕೊಟ್ಟಿದ್ದು ಇದನ್ನೇ.

ಮುಂದಿನ ಸೋಮವಾರದ ಸಭೆಗೆ ಬಾ ಎಂದು ಆಪಾಗೆ ನಮ್ಮ ಮನೆಯವರ ಕೈಯಿಂದ ಹೇಳಿ ಕಳಿಸಿದೆ. ಅವರೂ ಜೊತೆಗೆ ಬಂದರು, ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಸಂಘದ ಹೆಂಗಸರು ಕೂತಿದ್ದರು. ಎದ್ದು ನಿಂತು, ಆಪಾನನ್ನು ವಾಪಸ್ ತಗೊಳ್ಳಿ, ತಪ್ಪು ನನ್ನದು ಎಂದೆ.

"ಮತ್ತ ಅದನ್ನs ತಗೀತೀರಲ್ಲವಾ," ಎಂದರು ಮಾಸ್ತರರು ನಗುತ್ತ. "ಭಕ್ತಿಲಿಂದ ಆಗಿದ್ದು ಅಂದೀನಲ್ಲ."

"ಭಕ್ತಿ ಅಲ್ರೀ ಮಾಸ್ತರ. ಹೊಟ್ಟಿಕಿಚ್ಚು."

ಅಷ್ಟಕ್ಕೆ ನಿಲ್ಲಿಸಿದರೆ ಅದನ್ನೂ ಅವರು ದೊಡ್ಡ ಗುಣವೆಂದು ಹೊಗಳಿಯಾರು ಎಂದು ಹೆದರಿ ಪೂರ್ತಿ ಹೇಳಿದೆ. "ಮಂದಿ ನನ್ನ ರೊಟ್ಟಿ ತಿಂದು ಈಕಿ ಹೆಸರು ಹೇಳ್ತಿದ್ರು. ನನ್ನ ಗಂಡ ನನ್ನ ಮುಂದ ಈಕೀನ ಹೊಗಳ್ತಿದ್ದ. ಅವು ಈಕಿ ಮಾತು ಕೇಳಬಾರದು, ನನ್ನ ಮಾತು ಕೇಳಬೇಕು ಅಂತ ಮಾಡೀನಿ. ಹಣಮಪ್ಪ ನನ್ನ ಮನಸ್ಸಿನಾಗ ಇದ್ದಿಲ್ಲ. ಆ ಅಮ್ಮನ ಕೈ ಮುರದದ್ದು ನನ್ನ ದೆಸಿಲಿಂದ. ಈಕಿ ಕೆಲಸ ಹೋಗಿದ್ದೂ ನನ್ನ ದೆಸಿಲಿಂದ."

ಸಂಘದ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನಮ್ಮ ಮನೆಯವರು ತಮ್ಮ ಕಂಟ್ರೋಲರ್ ಟೋಪಿ ತೆಗೆದು ಅದರೊಳಗೆ ನೋಡುತ್ತ ನಿಂತರು. ಮಾಸ್ತರರಿಗೆ ಈ ಸಲ ಹಾಕಲು ಹಾರ ಸಿಗಲಿಲ್ಲ. ಆಪಾನ ಕಡೆ ತಿರುಗಿ, "ಹಂಗಂದ್ರ ನೀನs ಬಾರವಾ ನಾಳಿಲಿಂದ," ಎಂದರು.

ಆಪಾ ಎದ್ದು ನಿಂತಳು. ಕ್ಷಮಿಸಿದೆ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಅದನ್ನು ಹೇಳಲಿಲ್ಲ.

"ಬರ್ತೀನ್ರೀ ಮಾಸ್ತರ," ಎಂದಳು. "ಆದ್ರ ಈ ಅಕ್ಕ ಇಲ್ಲಿ ಇರಬಾರದು. ಸಿಟ್ಟಿಲೆ ಅನ್ನಕತ್ತಿಲ್ಲ. ಸಿಟ್ಟು ಅದಾ, ಅದು ಬ್ಯಾರೆ ಮಾತು. ಇವರ ಮೋತಿ ಕಾಣೂತನಾ ಅವು ರೂಢಿ ಬಿಡಂಗಿಲ್ಲ. ಶೆಡ್ಡಿನಾಗೂ ಬ್ಯಾಡ, ಬಾಗಲ್ದಾಗೂ ಬ್ಯಾಡ. ಈ ಮಳಿಗಾಲ ಅಲ್ಲ, ಬರೂ ಮಳಿಗಾಲಕ್ಕೂ ಬ್ಯಾಡ."

ಮಾಸ್ತರರು ನನ್ನನ್ನು ನೋಡಿದರು. "ಆತು," ಎಂದೆ.

ಶೆಡ್ಡಿನಿಂದ ನನ್ನ ಹಂಚು, ಪರಾತ ಎತ್ತಿಕೊಳ್ಳಲು ಹೋದೆ. ಆಪಾ ತಡೆದಳು. "ಅವನ್ನ ನಿಮ್ಮವರ ಕೈಯಾಗ ಕಳಸ್ತೀನಿ. ನೀವು ಬರೇ ಕೈಲೆ ಹೋಗ್ರಿ. ಎರಡೂ ಕೈ ಬಿಚ್ಚಿ, ಹಿಂಗ, ಅವುಕ್ಕ ಕಾಣೂಹಂಗ ಹಿಡೀರಿ. ಹಿಂದ ತಿರುಗಿ ನೋಡಬ್ಯಾಡ್ರಿ. ಸೆರಗು ಜಗ್ಗಿದ್ರೂ ನೋಡಬ್ಯಾಡ್ರಿ."

ಹಾಗೆಯೇ ನಡೆದೆ. ಅಂಗೈ ಎರಡೂ ಹೊರಗೆ ಮಾಡಿ, ಭಿಕ್ಷೆ ಬೇಡುವವಳ ಹಾಗೂ ಅಲ್ಲ, ಕೊಡುವವಳ ಹಾಗೂ ಅಲ್ಲ. ಆ ದಿನ ನೀರು ನೋಡಲು ಬಂದವರು ನಾಲ್ಕು ಮಂದಿ ಇದ್ದರು. ಅವರು ದಾರಿ ಬಿಟ್ಟು ಬದಿಗೆ ಸರಿದರು. ಹಿಂದೆ ಮಂಗಗಳ ಕಾಲ ಸಪ್ಪಳ ಒದ್ದೆ ಎಲೆಗಳ ಮೇಲೆ ಕೇಳುತ್ತಿತ್ತು. ಒಂದು ಸೆರಗು ಹಿಡಿಯಿತು, ಬಿಟ್ಟಿತು. ಇನ್ನೊಂದು ನನ್ನ ಮುಂದೆ ಬಂದು ಬಗ್ಗಿ ಎಡ ಅಂಗೈಯನ್ನು ಮೂಸಿತು. ಅಲ್ಲಿ ಏನೂ ಇರಲಿಲ್ಲ. ಗೇಟಿನವರೆಗೂ ನನ್ನ ಜೊತೆಗೇ ಬಂದವು, ಗೇಟಿನಾಚೆ ರಸ್ತೆಗೂ ಇಳಿದು ಬರುತ್ತವೇನೋ ಎನ್ನಿಸಿತು.

ಆಗ ಹಿಂದಿನಿಂದ ಆಪಾನ ದನಿ ಕೇಳಿತು. ಜೋರಾಗಿಯೂ ಅಲ್ಲ, ಅಷ್ಟು ದೂರಕ್ಕೆ ಎಷ್ಟು ಬೇಕೋ ಅಷ್ಟೇ. "ಏಯ್, ಜಾ."

ಸಪ್ಪಳ ನಿಂತಿತು. ಎರಡು ವಾರದ ರೂಢಿಯನ್ನು ಒಂದೇ ಮಾತಿಗೆ ಬಿಟ್ಟವೋ, ಇಲ್ಲ ಅರ್ಧ ಮಾತ್ರ ಬಿಟ್ಟವೋ, ನಾನು ತಿರುಗಿ ನೋಡಲಿಲ್ಲ. ನೋಡಬಾರದೆಂದು ಅವಳು ಹೇಳಿದ್ದಳು. ಅಂಗೈ ಬಿಚ್ಚಿಕೊಂಡೇ ರಸ್ತೆಗೆ ಇಳಿದೆ. ಮನಸ್ಸು ಹಗುರಾಗಿರಬೇಕಿತ್ತು. ಅದರ ಬದಲು, ಮಳೆಯಲ್ಲಿ ಹಾಗೆ ನಡೆಯುತ್ತ, ಅವಳ ಆ ಒಂದು ಮಾತಿಗೆ ನನ್ನ ಹೊಟ್ಟೆ ಹೊತ್ತಿ ಉರಿಯಿತು. ಆ ಮಂಗಗಳ ಹಾಗೆಯೇ ಅವಳು ಹೇಳಿದ್ದನ್ನು ನಾನೂ ಕೇಳಿದ್ದೆನಲ್ಲ.